ಊರಿಗೆ ಬಂದವರು ನೀರಿಗೂ ಬರಬೇಕು

ಅಮೆರಿಕದಲ್ಲಿ ನೆಲೆಸಿದ ಮಕ್ಕಳು ಅಪ್ಪ ಅಮ್ಮಂದಿರನ್ನು ಕರೆಸಿಕೊಂಡಾಗ ಮಾಡುವ ಮೊದಲ ಕೆಲಸವೆಂದರೆ ನೋಡಬೇಕಾದ ಜಾಗಗಳ ಪಟ್ಟಿ ಬರೆಯುವುದು. ಅವರ ಕಾಳಜಿ ದೊಡ್ಡದೇ. ಹೆತ್ತವರು ನಾಲ್ಕು ಗೋಡೆಗಳ ನಡುವೆ ಬೇಸರಪಟ್ಟುಕೊಳ್ಳಬಾರದು, ಊರಿಗೆ ಹಿಂತಿರುಗಿದ ಮೇಲೆ ಹೇಳಿಕೊಳ್ಳಲು ನಾಲ್ಕು ಮಾತಿರಬೇಕು, ತೋರಿಸಲು ಫೋಟೋಗಳಿರಬೇಕು. ನನ್ನ ಮಗಳು ಇರುವುದು ಆ ದೇಶದ ದಕ್ಷಿಣ ಭಾಗದಲ್ಲಿ, ಟೆನೆಸಿ ರಾಜ್ಯದ ಮೆಂಫಿಸ್‌ನಲ್ಲಿ. ಮಿಸಿಸಿಪಿ ನದಿಯ ದಂಡೆಯ ಊರು. ಬೇಸಿಗೆ ರಜೆಯಲ್ಲಿ ಅಲ್ಲಿಗೆ ಹೋದ ನನಗೂ ಒಂದು ಪಟ್ಟಿ ಸಿಕ್ಕಿತು. ಅಲ್ಲಿನ ಕನ್ನಡದ ಮನೆಗಳಲ್ಲಿ ಒಬ್ಬರಿಂದೊಬ್ಬರಿಗೆ ದಾಟಿಕೊಂಡು ಬಂದದ್ದು. ಹೋಟೆಲಿನ ಬಾತುಕೋಳಿಗಳ ಮೆರವಣಿಗೆ, ಎಲ್ವಿಸ್ ಪ್ರೀಸ್ಲಿಯ ಮನೆ, ಬೀಲ್ ಸ್ಟ್ರೀಟಿನ ಸಂಗೀತ, ನದಿಯ ಪಕ್ಕದ ಪಿರಮಿಡ್, ದೋಣಿ ವಿಹಾರ. ಎಲ್ಲದರ ಕೊನೆಯಲ್ಲಿ, "ಟೈಮ್ ಇದ್ದರೆ" ಎಂಬ ತಲೆಬರಹದ ಕೆಳಗೆ, ಲೊರೇನ್ ಮೋಟೆಲ್.

ನನ್ನ ಜಗಳವಿರುವುದು ಆ "ಟೈಮ್ ಇದ್ದರೆ" ಎಂಬ ಎರಡು ಪದಗಳ ಜೊತೆ. ಆ ಪಟ್ಟಿ ತಲೆಕೆಳಗಾಗಿದೆ ಎಂಬುದು ನನ್ನ ವಾದ.

ಮೊದಲೇ ಹೇಳಿಬಿಡುತ್ತೇನೆ, ಮೋಜನ್ನು ಕಂಡರೆ ಮುಖ ಸಿಂಡರಿಸುವ ಜಾತಿಯವಳಲ್ಲ ನಾನು. ಪೀಬಡಿ ಎಂಬ ದೊಡ್ಡ ಹೋಟೆಲಿನಲ್ಲಿ ಬೆಳಿಗ್ಗೆ 11ಕ್ಕೆ ಐದು ಬಾತುಕೋಳಿಗಳು ಲಿಫ್ಟಿನಿಂದ ಇಳಿದು, ಕೆಂಪು ಕಂಬಳಿಯ ಮೇಲೆ ಗತ್ತಿನಿಂದ ನಡೆದು, ಅಮೃತಶಿಲೆಯ ಕಾರಂಜಿಗೆ ಜಿಗಿಯುತ್ತವೆ. ಸಂಜೆ 5ಕ್ಕೆ ಹಾಗೆಯೇ ಮರಳಿ ಹೋಗುತ್ತವೆ. 1930ರ ದಶಕದಿಂದ ನಡೆದುಬಂದ ಪದ್ಧತಿ. ನಮ್ಮ ಶಾಲೆಯ ಒಂದನೇ ತರಗತಿಯ ಮಕ್ಕಳ ಸಾಲನ್ನು ನೆನೆದು ನಾನು ಮನಸಾರೆ ನಕ್ಕೆ. ಆದರೆ ಆ ಬಾತುಕೋಳಿಗಳು ನಡೆಯುವುದು ಯಾವ ವಾದ್ಯಕ್ಕೆ ಗೊತ್ತೆ? ಜಾನ್ ಫಿಲಿಪ್ ಸೂಸಾ ರಚಿಸಿದ "ಕಿಂಗ್ ಕಾಟನ್" ಎಂಬ ಮೆರವಣಿಗೆಯ ಸಂಗೀತಕ್ಕೆ. ಎಂದರೆ ಹತ್ತಿ ಮಹಾರಾಜ. ಹೆಸರು ಕೇಳಿದ ಮೇಲೆ ಸಮಾಜ ಪಾಠದ ಮೇಷ್ಟರಾದವರು ಸುಮ್ಮನಿರಲು ಹೇಗೆ ಸಾಧ್ಯ? ಈ ರಾಜನ ಗದ್ದುಗೆ ಯಾರ ಬೆನ್ನಿನ ಮೇಲಿತ್ತು ಎಂದು ಕೇಳಲೇಬೇಕಲ್ಲ.

1819ರಲ್ಲಿ ಸ್ಥಾಪಿಸಿದ ಊರು ಮೆಂಫಿಸ್. ನೈಲ್ ನದಿಯ ದಂಡೆಯ ಪ್ರಾಚೀನ ನಗರದ ಹೆಸರನ್ನೇ ಇಟ್ಟರು. ಅದಕ್ಕೇ ಈಗ ಇಲ್ಲೊಂದು ಪಿರಮಿಡ್. 1991ರಲ್ಲಿ ಆಟದ ಅಂಗಣವಾಗಿ ಕಟ್ಟಿದ್ದು, 2015ರಿಂದ ಮೀನುಗಾರಿಕೆ ಮತ್ತು ಬೇಟೆಯ ಸಾಮಾನು ಮಾರುವ ಭಾರಿ ಅಂಗಡಿ. ಆದರೆ ಈ ಊರು ಬೆಳೆದದ್ದು ಹತ್ತಿಯಿಂದ. ಸುತ್ತಲ ಹೊಲಗಳಲ್ಲಿ ಗುಲಾಮರು ಬಿಡಿಸಿದ ಹತ್ತಿ ಇಲ್ಲಿಗೆ ಬಂದು, ನದಿಯ ಮೇಲೆ ಹೊರಗಿನ ಲೋಕಕ್ಕೆ ಹೋಗುತ್ತಿತ್ತು. ಹತ್ತಿಯ ಜೊತೆ ಮನುಷ್ಯರ ವ್ಯಾಪಾರವೂ ನಡೆಯುತ್ತಿತ್ತು. ನೇತನ್ ಬೆಡ್‌ಫರ್ಡ್ ಫಾರೆಸ್ಟ್ ಎಂಬಾತ ಅಂತರ್ಯುದ್ಧದಲ್ಲಿ ಸೇನಾಪತಿಯಾಗುವ ಮೊದಲು ಊರಿನ ನಡುವೆಯೇ ಗುಲಾಮರ ಅಂಗಡಿ ಇಟ್ಟುಕೊಂಡಿದ್ದ. 1955ರಲ್ಲಿ ಆ ಜಾಗದಲ್ಲಿ ನೆಟ್ಟ ಫಲಕ, ಅವನು ತನ್ನ ವ್ಯಾಪಾರ ವಹಿವಾಟುಗಳಿಂದ ಶ್ರೀಮಂತನಾದನೆಂದು ಮಾತ್ರ ಹೇಳುತ್ತಿತ್ತು. ಯಾವುದರ ವ್ಯಾಪಾರ ಎಂಬುದನ್ನು ಹೇಳಿದ ಇನ್ನೊಂದು ಫಲಕ ಬಂದದ್ದು 2018ರಲ್ಲಿ. ಅವನ ಕುದುರೆ ಸವಾರಿಯ ವಿಗ್ರಹ ಉದ್ಯಾನದಿಂದ ಇಳಿದದ್ದು 2017ರ ಡಿಸೆಂಬರಿನಲ್ಲಿ. ಸುಳ್ಳು ಹೇಳದೆಯೂ ಸತ್ಯವನ್ನು ಮುಚ್ಚಿಡಬಹುದು ಎಂಬುದಕ್ಕೆ ಆ ಹಳೆಯ ಫಲಕಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ನಮ್ಮ ಪ್ರವಾಸದ ಪಟ್ಟಿಗಳೂ ಅದೇ ಫಲಕದ ಸಂತತಿ. ಬರೆದದ್ದೆಲ್ಲ ನಿಜ, ಬಿಟ್ಟದ್ದು ಅದಕ್ಕಿಂತ ನಿಜ.

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂಬ ಗಾದೆ ನಮ್ಮದು. ಮೆಂಫಿಸ್‌ಗೆ ಬರುವ ನಮ್ಮವರನ್ನು ಕಂಡರೆ ಬಾರದೆಯೂ ಇರಬಹುದು ಎನಿಸುತ್ತದೆ. ದೋಣಿಯಲ್ಲಿ ಕುಳಿತು ಒಂದು ಸುತ್ತು ಬಂದರೆ ನದಿ ಮುಗಿಯಿತು. ಆದರೆ ಆ ದಂಡೆಯ ಮೇಲೆ ಟಾಮ್ ಲೀ ಹೆಸರಿನ ಉದ್ಯಾನವಿದೆ. 2023ರಲ್ಲಿ ಅದನ್ನು ಹೊಸದಾಗಿ ರೂಪಿಸಿ ತೆರೆದಿದ್ದಾರೆ. ಮಕ್ಕಳು ಆಡುತ್ತಾರೆ, ಹಿರಿಯರು ನಡೆಯುತ್ತಾರೆ. ಟಾಮ್ ಲೀ ಯಾರು? ನದಿಯಲ್ಲಿ ದುಡಿಯುತ್ತಿದ್ದ ಒಬ್ಬ ಕಪ್ಪು ಮನುಷ್ಯ. 1925ರ ಮೇ 8ರಂದು ಒಂದು ಹಡಗು ಮಗುಚಿದಾಗ ತನ್ನ ಪುಟ್ಟ ದೋಣಿಯಲ್ಲಿ ಮತ್ತೆ ಮತ್ತೆ ಹೋಗಿ 32 ಜನರನ್ನು ದಡಕ್ಕೆ ತಂದ. ಅವನಿಗೆ ಈಜು ಬರುತ್ತಿರಲಿಲ್ಲ! ಊರು ಕೃತಜ್ಞತೆ ತೋರಿಸಿತು. ಚಂದಾ ಎತ್ತಿ ಮನೆ ಕೊಡಿಸಿದರು. ನಗರಸಭೆ ಕೆಲಸವನ್ನೂ ಕೊಟ್ಟಿತು. ಯಾವ ಕೆಲಸ? ಕಸ ಎತ್ತುವ ಕೆಲಸ.

ಇಲ್ಲಿ ಒಂದು ನಿಮಿಷ ನಿಲ್ಲಬೇಕೆಂದು ಓದುಗರನ್ನು ಕೇಳಿಕೊಳ್ಳುತ್ತೇನೆ. ಒಂದು ಊರು ತನ್ನ ಅತ್ಯಂತ ದೊಡ್ಡ ವೀರನಿಗೆ, ಅವನ ಬಣ್ಣಕ್ಕೆ ತಕ್ಕ ಬಹುಮಾನವೆಂದು ಆರಿಸಿದ್ದು ಕಸದ ಗಾಡಿಯನ್ನು. 43 ವರ್ಷಗಳ ಬಳಿಕ ಅದೇ ಊರಿನ ಅದೇ ಕಸದ ಗಾಡಿಯಿಂದಲೇ ಚರಿತ್ರೆ ಕದಲಿತು. 1968ರ ಫೆಬ್ರುವರಿ 1ರಂದು ಮಳೆಯಿಂದ ತಪ್ಪಿಸಿಕೊಳ್ಳಲು ಲಾರಿಯ ಹಿಂಭಾಗದಲ್ಲಿ ನಿಂತಿದ್ದ ಎಕೋಲ್ ಕೋಲ್ ಮತ್ತು ರಾಬರ್ಟ್ ವಾಕರ್ ಎಂಬ ಇಬ್ಬರು ಕಾರ್ಮಿಕರು, ಕಸ ಅದುಮುವ ಯಂತ್ರಕ್ಕೆ ಸಿಕ್ಕಿ ಸತ್ತರು. ಫೆಬ್ರುವರಿ 12ರಿಂದ ಸುಮಾರು 1,300 ಮಂದಿ ಕೆಲಸ ನಿಲ್ಲಿಸಿದರು. ಅವರು ಕೊರಳಿಗೆ ಹಾಕಿಕೊಂಡ ಫಲಕದಲ್ಲಿ ಇದ್ದದ್ದು ಒಂದೇ ಮಾತು: ನಾನು ಮನುಷ್ಯ. ಅವರ ಪರವಾಗಿ ನಿಲ್ಲಲು ಮಾರ್ಟಿನ್ ಲೂಥರ್ ಕಿಂಗ್ ಮೆಂಫಿಸ್‌ಗೆ ಬಂದರು. ಏಪ್ರಿಲ್ 4ರ ಸಂಜೆ ಲೊರೇನ್ ಮೋಟೆಲಿನ 306ನೇ ಕೋಣೆಯ ಮುಂದಿನ ಮೊಗಸಾಲೆಯಲ್ಲಿ ಗುಂಡಿಗೆ ಬಲಿಯಾದರು. ಆಗ ಅವರಿಗೆ 39 ವರ್ಷ. ಮುಷ್ಕರ ಗೆದ್ದದ್ದು ಏಪ್ರಿಲ್ 16ರಂದು.

ನಮ್ಮ ಪಠ್ಯಪುಸ್ತಕಗಳಲ್ಲಿ ಕಿಂಗ್ ಎಂದರೆ ಗಾಂಧೀಜಿಯ ಶಿಷ್ಯ, ಕನಸಿನ ಭಾಷಣ ಮಾಡಿದವರು. ಕಸ ಎತ್ತುವವರ ಕೂಲಿಗಾಗಿ, ಮರ್ಯಾದೆಗಾಗಿ ನಿಂತಿದ್ದಾಗ ಸತ್ತರು ಎಂದು ಎಷ್ಟು ಮಕ್ಕಳಿಗೆ ಗೊತ್ತು? ಆ ಮೋಟೆಲ್ 1991ರಿಂದ ವಸ್ತುಸಂಗ್ರಹಾಲಯ. ಒಳಗೆ ಕಸದ ಲಾರಿಯೂ ಇದೆ, ಫಲಕಗಳೂ ಇವೆ. ಗಾಜಿನ ಆಚೆ ಆ ಕೋಣೆ ಹಾಗೇ ಇದೆ. ಹೊರಗೆ ಮೊಗಸಾಲೆಯ ಕಂಬಿಗೆ ಒಂದು ಹೂಮಾಲೆ. ಇದಕ್ಕೆ ನಮ್ಮವರ ಪಟ್ಟಿಯಲ್ಲಿ ಸ್ಥಾನ "ಟೈಮ್ ಇದ್ದರೆ".

ಒಂದು ಮನೆಯ ಊಟದಲ್ಲಿ ನಾನು ಈ ಮಾತು ತೆಗೆದಾಗ ಒಬ್ಬ ಹಿರಿಯರು, "ಮೇಡಂ, ರಜೆ ಕಳೆಯೋಕೆ ಬಂದಿದೀರಿ. ಸಾವು ನೋವು ನೋಡೋಕೆ ಇಷ್ಟು ದೂರ ಯಾಕೆ ಬರಬೇಕಿತ್ತು?" ಎಂದರು. ಬೇರೆಯವರೂ ತಲೆಯಾಡಿಸಿದರು. ನ್ಯಾಯವಾದ ಪ್ರಶ್ನೆಯೇ. ನನ್ನ ಉತ್ತರ ಇಷ್ಟು. ನೀವು ಮೋಜು ಎಂದು ನೋಡಿ ಬಂದದ್ದೆಲ್ಲ ಆ ನೋವಿನಿಂದಲೇ ಹುಟ್ಟಿದ್ದು. ಬೀಲ್ ಸ್ಟ್ರೀಟಿನ ಬ್ಲೂಸ್ ಸಂಗೀತ ಹತ್ತಿಯ ಹೊಲದಿಂದ ಬಂದದ್ದು. 1954ರಲ್ಲಿ ಎಲ್ವಿಸ್‌ಗೆ ಹೆಸರು ತಂದುಕೊಟ್ಟ ಮೊದಲ ಹಾಡು ಆರ್ಥರ್ ಕ್ರೂಡಪ್ ಎಂಬ ಕಪ್ಪು ಗಾಯಕನದು. ಬರಬೇಕಾದ ಸಂಭಾವನೆ ಕೈಗೆ ಬರದೆಯೇ ಅವನು 1974ರಲ್ಲಿ ತೀರಿಕೊಂಡ. ಎಲ್ವಿಸನ ಮನೆಯ ವೈಭವ ನೋಡಲು ವರ್ಷಕ್ಕೆ ಲಕ್ಷಾಂತರ ಜನ ಸಾಲು ನಿಲ್ಲುತ್ತಾರೆ. ನಿಲ್ಲಲಿ, ಆತ ಒಳ್ಳೆಯ ಹಾಡುಗಾರ. ಆದರೆ ಹಾಡಿನ ರುಚಿ ಬೇಕು, ಅದು ಬೆಂದ ಒಲೆಯ ಹೊಗೆ ಬೇಡ ಎಂದರೆ ಹೇಗೆ?

ಇನ್ನೊಂದು ಮಾತು ನನ್ನನ್ನು ಹೆಚ್ಚು ಚುಚ್ಚಿತು. "ಆ ಕಡೆ ಹೋಗಬೇಡಿ ಆಂಟಿ, ಅಲ್ಲೆಲ್ಲ ಅವರೇ ಇರೋದು" ಎಂದು ಒಬ್ಬ ಹುಡುಗಿ ಪ್ರೀತಿಯಿಂದಲೇ ಎಚ್ಚರಿಸಿದಳು. ಊರಿನಲ್ಲಿ ಅರ್ಧಕ್ಕಿಂತ ಹೆಚ್ಚು ಕಪ್ಪು ಜನರಿರುವಾಗ "ಅವರು" ಇಲ್ಲದ ಕಡೆ ಯಾವುದು? ಕಳ್ಳತನದ, ಗುಂಡಿನ ಭಯ ಅಲ್ಲಿಲ್ಲವೆಂದು ನಾನು ಹೇಳುವುದಿಲ್ಲ. ಯಾವ ಬೀದಿ, ಯಾವ ಹೊತ್ತು ಎಂದು ವಿಚಾರಿಸಿಕೊಂಡು ಹೋಗುವುದು ಜಾಣತನ. ಆದರೆ "ಅವರು" ಎಂಬ ಆ ಸರ್ವನಾಮ ಪೊಲೀಸ್ ಠಾಣೆಯ ಲೆಕ್ಕದಿಂದ ಬಂದದ್ದಲ್ಲ. ಅದು ನಮ್ಮ ಊರಿನಿಂದಲೇ ಬಟ್ಟೆಬರೆಯ ಜೊತೆ ವಿಮಾನವೇರಿ ಬಂದದ್ದು. "ಆ ಕೇರಿ ಕಡೆ ಹೋಗಬೇಡ" ಎಂಬ ಮಾತನ್ನು ಕೇಳಿಕೊಂಡೇ ಬೆಳೆದವರು ನಾವು. ಕೇರಿ ಬಿಟ್ಟು ಸಾಗರ ದಾಟಿದರೂ ಆ ಮಾತಿಗೆ ವೀಸಾ ಬೇಕಾಗಲಿಲ್ಲ.

ಈ ನಂಟನ್ನು ನಾನು ಬಲವಂತವಾಗಿ ಹೊಲಿಯುತ್ತಿದ್ದೇನೆಂದು ತಿಳಿಯಬೇಡಿ. ಸ್ವತಃ ಕಿಂಗ್ ಅದನ್ನು ಕಂಡಿದ್ದರು. 1959ರಲ್ಲಿ ಅವರು ಭಾರತಕ್ಕೆ ಬಂದಾಗ ತಿರುವನಂತಪುರದ ಒಂದು ಶಾಲೆಗೆ ಹೋಗಿದ್ದರು. ಅಸ್ಪೃಶ್ಯರೆನಿಸಿಕೊಂಡ ಮನೆಗಳ ಮಕ್ಕಳು ಓದುತ್ತಿದ್ದ ಶಾಲೆ. ಮುಖ್ಯೋಪಾಧ್ಯಾಯರು ಅವರನ್ನು ಅಮೆರಿಕದಿಂದ ಬಂದ ನಿಮ್ಮಂಥ ಅಸ್ಪೃಶ್ಯರೆಂದು ಮಕ್ಕಳಿಗೆ ಪರಿಚಯಿಸಿದರಂತೆ. ಆ ಕ್ಷಣಕ್ಕೆ ಕಿಂಗ್‌ಗೆ ಇರುಸುಮುರುಸಾಯಿತು. ಯೋಚಿಸಿದ ಮೇಲೆ ಹೌದು, ನಾನೂ ಅಸ್ಪೃಶ್ಯನೇ ಎಂದು ಒಪ್ಪಿಕೊಂಡದ್ದನ್ನು 1965ರ ಒಂದು ಉಪದೇಶದಲ್ಲಿ ಅವರೇ ಹೇಳಿದ್ದಾರೆ. ಶಾಲೆಯ ಮೇಷ್ಟರೊಬ್ಬರ ಒಂದು ಮಾತು ಎಷ್ಟು ದೂರ ಹೋಯಿತು ನೋಡಿ!

ನಮ್ಮಲ್ಲಿ ಮಲ ಹೊರುವ ಪದ್ಧತಿಯನ್ನು 1970ರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ ನಿಷೇಧಿಸಿದರು. ಸಂಸತ್ತಿನ ಕಾನೂನು 1993ರಲ್ಲಿ ಬಂತು. ಸಾಲದೆಂದು 2013ರಲ್ಲಿ ಮತ್ತೊಂದು ಬಂತು. ಮ್ಯಾನ್‌ಹೋಲಿಗಿಳಿದು ಸತ್ತವರ ಸುದ್ದಿ ಮಾತ್ರ ನಿಂತಿಲ್ಲ. 2016ರಲ್ಲಿ ಮೈಸೂರಿಗೆ ದೇಶದ ಅತ್ಯಂತ ಸ್ವಚ್ಛ ನಗರವೆಂಬ ಹೆಸರು ಬಂದಾಗ ನಾವೆಲ್ಲ ಬೀಗಿದೆವು. ಬೆಳಗಿನ ಜಾವ ಪೊರಕೆ ಹಿಡಿದವರ ಹೆಸರನ್ನು ಕೇಳಿದವರೆಷ್ಟು ಜನ? ಮೆಂಫಿಸ್‌ನಲ್ಲಿ ಆ 1,300 ಕಾರ್ಮಿಕರ ಹೆಸರುಗಳನ್ನು ಕೆತ್ತಿದ ಒಂದು ಅಂಗಳವಿದೆ, 2018ರಲ್ಲಿ ಮಾಡಿದ್ದು. ಅವರು ಮೆರವಣಿಗೆ ಹೊರಡುತ್ತಿದ್ದ ಕ್ಲೇಬಾರ್ನ್ ಟೆಂಪಲ್ ಎಂಬ ಚರ್ಚಿನ ಪಕ್ಕದಲ್ಲೇ. ಆ ಚರ್ಚು 2025ರ ಏಪ್ರಿಲ್‌ನಲ್ಲಿ ಬೆಂಕಿಗೆ ಆಹುತಿಯಾಯಿತು. ಹೆಸರುಗಳ ಅಂಗಳ ಉಳಿದಿದೆ.

ಮೆಂಫಿಸ್ ಎಲ್ಲ ಲೆಕ್ಕ ತೀರಿಸಿದೆ ಎಂದೇನೂ ಅಲ್ಲ. ಲೊರೇನ್ ಮೋಟೆಲಿನಲ್ಲೇ ಕೆಲಸ ಮಾಡಿ ಅಲ್ಲೇ ವಾಸವಾಗಿದ್ದ ಜಾಕ್ವೆಲಿನ್ ಸ್ಮಿತ್ ಎಂಬ ಮಹಿಳೆಯನ್ನು, ಸಂಗ್ರಹಾಲಯ ಕಟ್ಟುವುದಕ್ಕಾಗಿ 1988ರ ಮಾರ್ಚಿನಲ್ಲಿ ಹೊರಹಾಕಿದರು. ಅವರು 30 ವರ್ಷಕ್ಕೂ ಹೆಚ್ಚು ಕಾಲ ಎದುರಿನ ಫುಟ್‌ಪಾತಿನಲ್ಲೇ ಪ್ರತಿಭಟನೆ ನಡೆಸಿದರು. ಬಡವರಿಗಾಗಿ ಸತ್ತವರ ನೆನಪಿಗೆ ಬಡವರ ಮನೆ ಕಟ್ಟಬೇಕಿತ್ತು, ಪ್ರವಾಸಿಗರ ಆಕರ್ಷಣೆಯನ್ನಲ್ಲ ಎಂಬುದು ಅವರ ವಾದ. ಸಂಗ್ರಹಾಲಯ ಬೇಡವೆಂಬುದನ್ನು ಪಾಠ ಹೇಳುವ ನಾನು ಒಪ್ಪಲಾರೆ. ಆದರೆ ಟಿಕೆಟ್ ಕೊಂಡು, ಮೊಗಸಾಲೆಯ ಕೆಳಗೆ ನಗುತ್ತ ಫೋಟೋ ತೆಗೆಸಿಕೊಂಡು ಹೊರಡುವ ಪ್ರತಿಯೊಬ್ಬರೂ ಆ ಪ್ರಶ್ನೆಗೆ ಉತ್ತರ ಹುಡುಕಬೇಕಾದವರೇ.

ಬರಿಯ ಆಕ್ಷೇಪಣೆ ಮಾಡಿ ಎದ್ದು ಹೋಗುವುದು ಮೇಷ್ಟರಿಗೆ ಸಲ್ಲದು. ಆದ್ದರಿಂದ ನನ್ನ ಪಟ್ಟಿಯನ್ನೂ ಕೊಡುತ್ತೇನೆ. ಮೆಂಫಿಸ್‌ಗೆ ಹೋದವರು ಬಿಸಿಲೇರುವ ಮೊದಲೇ ಟಾಮ್ ಲೀ ಉದ್ಯಾನಕ್ಕೆ ಹೋಗಿ, ಆ ಕೆಂಚು ನೀರನ್ನು ನೋಡುತ್ತ ಅವನ ಕಥೆಯನ್ನು ಮಕ್ಕಳಿಗೆ ಹೇಳಿ. ಅಲ್ಲಿಂದ ಲೊರೇನ್ ಹತ್ತಿರವೇ. ಅರ್ಧ ದಿನ ಅದಕ್ಕೆಂದೇ ಇಡಿ. ಮಧ್ಯಾಹ್ನ ಆ ಹೆಸರುಗಳ ಅಂಗಳ. ಸಂಜೆ ಐದಕ್ಕೆ ಬಾತುಕೋಳಿಗಳನ್ನು ನೋಡಿ ನಗಿ, ವಾದ್ಯದ ಹೆಸರು ನೆನಪಿರಲಿ. ಕತ್ತಲಾದ ಮೇಲೆ ಬೀಲ್ ಸ್ಟ್ರೀಟಿಗೆ ಹೋಗಿ, ಸಂಗೀತಕ್ಕೆ ಕೂರುವ ಮೊದಲು ಐಡಾ ವೆಲ್ಸ್ ವಿಗ್ರಹಕ್ಕೆ ಒಂದು ನಮಸ್ಕಾರ ಹಾಕಿ. ಆಕೆ ಈ ಊರಿನ ಶಾಲೆಯಲ್ಲಿ ಟೀಚರ್ ಆಗಿದ್ದವಳು. ಕಪ್ಪು ಮಕ್ಕಳ ಶಾಲೆಗಳ ದುಃಸ್ಥಿತಿಯನ್ನು ಬರೆದದ್ದಕ್ಕೆ 1891ರಲ್ಲಿ ಕೆಲಸ ಕಳೆದುಕೊಂಡಳು. ಮರುವರ್ಷ ಗುಂಪು ಸೇರಿ ಮೂವರು ಕಪ್ಪು ವ್ಯಾಪಾರಿಗಳನ್ನು ಕೊಂದದ್ದನ್ನು ಪತ್ರಿಕೆಯಲ್ಲಿ ಖಂಡಿಸಿದ್ದಕ್ಕೆ ಅವಳ ಕಚೇರಿಯನ್ನೇ ಧ್ವಂಸ ಮಾಡಿದರು. ವಿಗ್ರಹ ನಿಂತದ್ದು 2021ರಲ್ಲಿ. ಎಲ್ವಿಸನ ಮನೆ, ಪಿರಮಿಡ್, ದೋಣಿ ಎಲ್ಲ ಎರಡನೆಯ ದಿನಕ್ಕೆ. ಬೇಕಾದರೆ ಅವುಗಳ ಮೇಲೆ ಬರೆದುಕೊಳ್ಳಿ, "ಟೈಮ್ ಇದ್ದರೆ" ಎಂದು.

ಹೀಗೆ ನೋಡಿದರೆ ಮೋಜು ಕಡಿಮೆಯಾಗುವುದಿಲ್ಲ. ಹಾಡು ಇನ್ನಷ್ಟು ಒಳಗಿಳಿಯುತ್ತದೆ. ಊರಿಗೆ ಮರಳಿದ ಮೇಲೆ ಮಾಡಬೇಕಾದ ಕೆಲಸವೂ ಒಂದಿದೆ. ನಮ್ಮ ಊರಿಗೆ ಬರುವ ನೆಂಟರಿಗೆ ನಾವು ಬರೆದುಕೊಡುವ ಪಟ್ಟಿಯನ್ನೊಮ್ಮೆ ತೆಗೆದು ನೋಡಬೇಕು: ಅರಮನೆ, ದೇವಸ್ಥಾನ, ಕಾರಂಜಿ, ಸೀರೆ ಅಂಗಡಿ. ಅವನ್ನೆಲ್ಲ ಕಟ್ಟಿದ, ಗುಡಿಸಿದ, ತೊಳೆದ ಕೈಗಳಿಗೆ ಅದರ ಕೊನೆಯ ಸಾಲಿನಲ್ಲಾದರೂ ಜಾಗವಿದೆಯೆ?