ಲಾಭ ಮಾಲಕನಿಗೆ, ನಷ್ಟ ಜಮಾಅತ್‌ಗೆ?

ಕಕ್ಕಿಂಜೆ, ಉಜಿರೆ, ಬೆಳ್ತಂಗಡಿ ಪರಿಸರದಲ್ಲಿ ನಿಕಾಹ್-ವಲೀಮಾಗಳ ಭೋಜನದ ಹೊಣೆ ಹೊರುವ ಕ್ಯಾಟರಿಂಗ್ ಉದ್ಯಮಿಗಳಲ್ಲಿ ನಮ್ಮ ಸಮುದಾಯದ ಯುವಕರೂ ಇದ್ದಾರೆ. ವಿಮೆಯ ಮಾತೆತ್ತಿದರೆ ಹಲವರಲ್ಲಿ ಎರಡು ಉತ್ತರಗಳು ಸಿದ್ಧವಿರುತ್ತವೆ: ಅದು ಹರಾಮ್, ಅಥವಾ ಎಲ್ಲವೂ ಅಲ್ಲಾಹನ ಇಚ್ಛೆ. ಆದರೆ ಕುದಿಯುವ ಎಣ್ಣೆ ಚೆಲ್ಲಿ ದಿನಗೂಲಿಯ ಹುಡುಗ ಆಸ್ಪತ್ರೆ ಸೇರಿದಾಗ ಇವೆರಡೂ ಅವನ ನೆರವಿಗೆ ಬರುವುದಿಲ್ಲ. ಕೊನೆಗೆ ಮಸೀದಿಯ ಬಾಗಿಲಲ್ಲಿ ಚಂದಾ ಎತ್ತಬೇಕಾಗುತ್ತದೆ. ಲಾಭ ಮಾಲಕನಿಗೆ, ನಷ್ಟ ಜಮಾಅತ್‌ಗೆ ಎಂಬುದು ಯಾವ ಬಗೆಯ ತವಕ್ಕುಲ್?

ವಾಣಿಜ್ಯ ವಿಮೆಯ ಕುರಿತ ಆಕ್ಷೇಪ ಹಗುರವಾದುದಲ್ಲ. 1985ರಲ್ಲಿ ಜಿದ್ದಾದ ಅಂತಾರಾಷ್ಟ್ರೀಯ ಫಿಕ್ಹ್ ಅಕಾಡೆಮಿ ಅದನ್ನು ನಿಷಿದ್ಧವೆಂದಿತು. ಜೊತೆಗೇ ಪರಸ್ಪರ ಸಹಕಾರದ ವಿಮೆಯನ್ನು ಪರ್ಯಾಯವಾಗಿ ಸೂಚಿಸಿತು. ಮಲೇಷ್ಯಾ 1984ರಲ್ಲೇ ತಕಾಫುಲ್ ಕಾನೂನು ತಂದಿತ್ತು. ನಮ್ಮ ದೇಶದಲ್ಲಿ ಅಂತಹ ಕಾನೂನಿಲ್ಲ. ಹಾಗೆಂದು ಹೊಣೆ ತಪ್ಪುವುದೇ? ಕೆಲಸದ ವೇಳೆ ಗಾಯಗೊಂಡ ಕಾರ್ಮಿಕನಿಗೆ ಮಾಲಕ ಪರಿಹಾರ ನೀಡಬೇಕೆಂದು 1923ರ ಕಾನೂನು ವಿಧಿಸಿತ್ತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಅಸುರಕ್ಷಿತ ಆಹಾರದಿಂದ ಸಾವು ಸಂಭವಿಸಿದರೆ 2006ರ ಆಹಾರ ಸುರಕ್ಷತಾ ಕಾನೂನಿನಂತೆ ಕನಿಷ್ಠ 5 ಲಕ್ಷ ರೂಪಾಯಿ ಪರಿಹಾರ ತೆರಬೇಕು. ವಾಹನಕ್ಕಂತೂ ಥರ್ಡ್ ಪಾರ್ಟಿ ವಿಮೆ ಕಡ್ಡಾಯ.

ಆದ್ದರಿಂದ ನಾವು ಹೇಳಬಯಸುವುದಿಷ್ಟು: ವಿಮೆ ಆರಿಸುವವರು ಮೊದಲು ಕಾರ್ಮಿಕನನ್ನು, ನಂತರ ಉಣ್ಣುವವರನ್ನು, ಕೊನೆಗೆ ತಮ್ಮ ಪಾತ್ರೆ-ಒಲೆಗಳನ್ನು ನೆನೆಯಲಿ. ಸಂಶಯವಿದ್ದವರು ಉಲಮಾಗಳನ್ನು ಸಮೀಪಿಸಲಿ. ವಿಮೆ ಬೇಡವೆನ್ನುವವರು ಪ್ರತಿ ಔತಣದ ಆದಾಯದಿಂದ ಒಂದು ಪಾಲು ತೆಗೆದಿರಿಸಿ ಜಂಟಿ ಪರಿಹಾರ ನಿಧಿ ಸ್ಥಾಪಿಸಲಿ. ಎರಡನ್ನೂ ಮಾಡದೆ ಅಲ್ಲಾಹನ ಹೆಸರೆತ್ತುವುದು ಧರ್ಮನಿಷ್ಠೆಯಲ್ಲ, ಬಡವನ ಹಕ್ಕಿನ ನಿರಾಕರಣೆ.