ಮರಳಿ ಬಂದ ಮಗನಿಗೆ ಮುಚ್ಚಿದ ಬಾಗಿಲು

ತಪ್ಪೆಸಗಿದ ಮಗುವಿನ ದಾಖಲೆಯನ್ನು ಕೆಲಕಾಲದ ನಂತರ ಅಳಿಸಿ ಹಾಕಬೇಕೆಂಬುದು 2015ರ ಬಾಲನ್ಯಾಯ ಕಾಯ್ದೆಯ ಸಾಮಾನ್ಯ ನಿಯಮ. ಆದರೆ ಶಿಕಾರಿಪುರ, ಸೊರಬಗಳಂಥ ಊರುಗಳಲ್ಲಿ ಮೊಹಲ್ಲಾದ ನಾಲಿಗೆ ಅದನ್ನು ಅಳಿಸುವುದುಂಟೇ? ವೀಕ್ಷಣಾಲಯದಿಂದ ಮರಳಿದ ಹುಡುಗನಿಗೆ ಮದ್ರಸದ ಚಾಪೆಯೂ ಅಂಗಡಿಯ ಕೆಲಸವೂ ಸಿಗದಿದ್ದರೆ, ಹಳೆಯ ಸಹವಾಸವೇ ಅವನ ಕೈ ಹಿಡಿಯುತ್ತದೆ.

ಬದ್ರ್‌ನ ಅಕ್ಷರಸ್ಥ ಕೈದಿಗಳಿಗೆ, ಮದೀನಾದ ಹತ್ತು ಮಕ್ಕಳಿಗೆ ಓದುಬರಹ ಕಲಿಸುವುದನ್ನೇ ಬಿಡುಗಡೆಯ ಬೆಲೆಯಾಗಿ ಪ್ರವಾದಿ(ಸ) ನಿಗದಿಪಡಿಸಿದ್ದರೆಂದು ಚರಿತ್ರೆಕಾರರು ದಾಖಲಿಸಿದ್ದಾರೆ. ಆ ಪರಂಪರೆಯ ವಾರಸುದಾರರಿಗೆ ಧಾರ್ಮಿಕ ಶಿಕ್ಷಣವೆಂದರೆ ಪಾರಾಯಣ ಮಾತ್ರವಾಗಬಾರದು. ತೌಬಾದ ಅರ್ಥ, ನೊಂದವನ ಹಕ್ಕು, ದುಡಿಮೆಯ ಗೌರವಗಳೂ ಅದರಲ್ಲಿರಬೇಕು.

ಅಧಿಕಾರಿಗಳ ಅನುಮತಿ ಪಡೆದು, ವಾರಕ್ಕೊಮ್ಮೆ ಆ ಮಕ್ಕಳ ಬಳಿ ಕುಳಿತುಕೊಳ್ಳಬಲ್ಲ ಒಬ್ಬ ಆಲಿಮರನ್ನು ಜಮಾಅತ್‌ಗಳು ನೇಮಿಸಲಿ. ಬಿಡುಗಡೆಯಾದವನನ್ನು ಮರಳಿ ಶಾಲೆಗೆ ಸೇರಿಸುವ ಹೊಣೆಯನ್ನೂ ಹೊರಲಿ. ಪಶ್ಚಾತ್ತಾಪಪಟ್ಟವನಿಗೆ ಅಲ್ಲಾಹನೇ ತೆರೆದಿಟ್ಟಿರುವ ಬಾಗಿಲನ್ನು ಮುಚ್ಚಲು ನಾವಾರು?