ಹಳೆಯ ಕಂಪ್ಯೂಟರ್ ಗುಜರಿಗೆ ಹೋಗುವ ಮುನ್ನ

2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ರ ಕೈ ಬಿಟ್ಟಿತು. ಅದಕ್ಕೆ ಮಾಮೂಲಿಯಾಗಿ ಬರುತ್ತಿದ್ದ ಭದ್ರತಾ ಅಪ್‌ಡೇಟ್ ಅಂದಿಗೆ ನಿಂತಿತು. ಹಾಗಂತ ವಿಂಡೋಸ್ 11 ಹಾಕಿಕೊಳ್ಳೋಣವೆಂದರೆ ಅದು ಎಲ್ಲ ಯಂತ್ರಕ್ಕೂ ಒಗ್ಗುವುದಿಲ್ಲ. ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇರಬೇಕು, ಇಂಟೆಲ್ ಆದರೆ ಎಂಟನೇ ಪೀಳಿಗೆಯ ಪ್ರೊಸೆಸರ್ ಇರಬೇಕು. ಅಂದರೆ ಹೆಚ್ಚುಕಡಿಮೆ 2017–18ರಿಂದ ಈಚಿನ ಯಂತ್ರವೇ ಆಗಬೇಕು. ಬೀದರ್ ನಗರದ ಜೆರಾಕ್ಸ್ ಅಂಗಡಿ, ಭಾಲ್ಕಿಯ ಟೈಪಿಂಗ್ ಕೇಂದ್ರ, ಔರಾದ್‌ನ ಹೈಸ್ಕೂಲ್ ಲ್ಯಾಬಿನ ಯಂತ್ರಗಳಿಗೆ ಈ ಪರೀಕ್ಷೆ ಇಟ್ಟರೆ ಫಲಿತಾಂಶ ಏನೆಂದು ಊಹಿಸುವುದು ಕಷ್ಟವಲ್ಲ. ಈಗ ಎರಡೇ ದಾರಿ ಎಂಬಂತೆ ಮಾತು ನಡೆಯುತ್ತಿದೆ: ಇದ್ದದ್ದನ್ನೇ ದೇವರ ಮೇಲೆ ಭಾರ ಹಾಕಿ ಓಡಿಸುವುದು, ಇಲ್ಲವೇ ಗುಜರಿಗೆ ಹಾಕಿ ಹೊಸದು ತರುವುದು. ಮೂರನೆಯದೊಂದಿದೆ. ಹಾರ್ಡ್‌ಡಿಸ್ಕನ್ನು ಪಾಲು ಮಾಡಿ, ಒಂದು ಪಾಲಿನಲ್ಲಿ ಹಳೆಯ ವಿಂಡೋಸ್ ಉಳಿಸಿ, ಇನ್ನೊಂದರಲ್ಲಿ ಲಿನಕ್ಸ್ ಹಾಕುವುದು. ಬೀದರ್ ಜಿಲ್ಲೆಗೆ ಸದ್ಯಕ್ಕೆ ಹೊಂದುವ ದಾರಿ ಇದೇ ಎಂಬುದು ನನ್ನ ವಾದ.

ವಿಂಡೋಸನ್ನು ಪೂರ್ತಿ ಅಳಿಸಿ ಲಿನಕ್ಸ್ ಒಂದನ್ನೇ ಇಟ್ಟುಕೊಳ್ಳಿ ಎನ್ನುವ ಉತ್ಸಾಹಿಗಳಿದ್ದಾರೆ. ಅವರು ಕಚೇರಿಯ ಮೇಜಿನ ಮುಂದೆ ಒಂದು ದಿನ ಕೂತು ನೋಡಬೇಕು. ವರ್ಷಗಳ ಪತ್ರ, ನಡಾವಳಿ, ಜಾಹೀರಾತುಗಳೆಲ್ಲ ‘ನುಡಿ 01 ಇ’ಯಂಥ ಹಳೆಯ ಫಾಂಟ್‌ನಲ್ಲಿವೆ. ಅವು ಯೂನಿಕೋಡ್ ಅಲ್ಲ; ಫಾಂಟ್ ಇಲ್ಲದ ಕಡೆ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಹಳೆಯ ನುಡಿ ತಂತ್ರಾಂಶ ಬರೆದದ್ದೇ ವಿಂಡೋಸ್‌ಗಾಗಿ. ಅಂಗಡಿಯವನ ಟ್ಯಾಲಿಯೂ ವಿಂಡೋಸಿನದೇ. ಡಿಜಿಟಲ್ ಸಹಿಯ ಟೋಕನ್, ಬೆರಳಚ್ಚು ಪಡೆಯುವ ಸಾಧನಗಳ ಡ್ರೈವರ್ ಕೂಡ ಬಹುಮಟ್ಟಿಗೆ ವಿಂಡೋಸನ್ನೇ ನೆಚ್ಚಿರುತ್ತವೆ. ಇದನ್ನೆಲ್ಲ ಒಂದೇ ಏಟಿಗೆ ಕಿತ್ತರೆ ಕೆಲಸ ನಿಲ್ಲುತ್ತದೆ, ಬೈಗುಳ ಲಿನಕ್ಸ್‌ಗೆ ಬೀಳುತ್ತದೆ. ಆದರೆ ಇಂಟರ್ನೆಟ್ಟಿಗೆ ಹೋಗುವುದು, ಇ-ಮೇಲ್ ನೋಡುವುದು, ಸರ್ಕಾರಿ ಜಾಲತಾಣದಲ್ಲಿ ಅರ್ಜಿ ತುಂಬುವುದು, ಯೂನಿಕೋಡ್ ಕನ್ನಡ ಬರೆಯುವುದು, ಮಕ್ಕಳು ಪೈಥಾನ್ ಕಲಿಯುವುದು, ಇವಕ್ಕೆ ವಿಂಡೋಸ್ ಬೇಕೇಬೇಕೆಂದಿಲ್ಲ. ಅಪಾಯ ಬರುವುದೂ ಬಹುಪಾಲು ಈ ಇಂಟರ್ನೆಟ್ ಬಾಗಿಲಿನಿಂದಲೇ. ಹಾಗಾಗಿ ಹಳೆಯ ವಿಂಡೋಸ್‌ಗೆ ನೆಟ್ ಕಡಿದು ಅದನ್ನು ನುಡಿ, ಟ್ಯಾಲಿಗೆ ಮೀಸಲಿಟ್ಟು, ನೆಟ್ ಕೆಲಸವನ್ನೆಲ್ಲ ಲಿನಕ್ಸ್‌ಗೆ ಒಪ್ಪಿಸಿದರೆ ಎರಡೂ ಸಾಗುತ್ತವೆ. ನಿಜಾಮರ ಕಾಲದಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಜಿಲ್ಲೆ ಇದು. ಒಂದೇ ಸೂರಿನಡಿ ಎರಡು ವ್ಯವಸ್ಥೆ ನಿಭಾಯಿಸುವುದು ಇಲ್ಲಿಗೆ ಹೊಸದಲ್ಲ.

ಭಾಷೆಯ ವಿಷಯದಲ್ಲಂತೂ ಬೀದರ್‌ಗೆ ಲಿನಕ್ಸ್ ಹೇಳಿ ಮಾಡಿಸಿದಂತಿದೆ. ಅದರ ಕೀಲಿಮಣೆ ಪಟ್ಟಿ ತೆರೆದರೆ ‘ಕಗಪ’ ಎಂಬ ಹೆಸರು ಸಿಗುತ್ತದೆ. ಕನ್ನಡ ಗಣಕ ಪರಿಷತ್ತಿನ ವಿನ್ಯಾಸವೇ ಅದು, ನುಡಿಯಲ್ಲಿ ಕೈ ಪಳಗಿದವರಿಗೆ ಹೊಸದಾಗಿ ಕಲಿಯುವುದು ಹೆಚ್ಚೇನಿಲ್ಲ. ಅದೇ ವಿನ್ಯಾಸ ಮರಾಠಿ, ತೆಲುಗು, ಹಿಂದಿಗೂ ಅದೇ ಪಟ್ಟಿಯಲ್ಲಿದೆ. ಉರ್ದುವಿಗೆ ಬೇರೆ ಧ್ವನ್ಯಾತ್ಮಕ ವಿನ್ಯಾಸವಿದೆ. ಔರಾದ್‌ನಲ್ಲಿ ಮರಾಠಿ ಶಾಲೆ, ಬೀದರ್‌ನಲ್ಲಿ ಉರ್ದು ಶಾಲೆ ಇರುವ ಜಿಲ್ಲೆಯಲ್ಲಿ ಇದನ್ನು ಯಾರೂ ದೊಡ್ಡದಾಗಿ ಹೇಳದಿರುವುದೇ ಸೋಜಿಗ. ಕೇರಳದ ಶಾಲೆಗಳಲ್ಲಿ ಐಟಿ ಪಾಠ ನಡೆಯುವುದು ಕೈಟ್ ಸಂಸ್ಥೆ ಸಿದ್ಧಪಡಿಸಿದ ಲಿನಕ್ಸ್‌ನಲ್ಲೇ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿಯುತ್ತಾರೆ. ಅವರಿಗೆ ಆದದ್ದು ಭಾಲ್ಕಿಯ ಮಕ್ಕಳಿಗೆ ಆಗದು ಎನ್ನಲು ಕಾರಣವಿಲ್ಲ.

ಆಕ್ಷೇಪಗಳಲ್ಲಿ ತೂಕದ್ದು ಒಂದಿದೆ: ಡಿಸ್ಕ್ ಪಾಲು ಮಾಡುವಾಗ ಇದ್ದದ್ದೂ ಹೋದರೆ? ಈ ಭಯ ಸುಳ್ಳಲ್ಲ. ಪಾರ್ಟಿಷನ್ ಕುಗ್ಗಿಸುತ್ತಿರುವಾಗ ಕರೆಂಟ್ ಹೋದರೆ ಫೈಲುಗಳು ಹಾಳಾಗಬಹುದು. ಬೇಸಿಗೆಯಲ್ಲಿ ಹೇಳದೆ ಕೇಳದೆ ಕರೆಂಟ್ ಹೋಗುವ ಕಡೆ ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬಾರದು. ಇನ್ನೊಂದು ಬಲೆ ಇದೆ, ಹಳೆಯ ಯಂತ್ರಗಳಲ್ಲಿ ಇದೇ ಹೆಚ್ಚು ಕಾಡುವುದು. ಎಂಬಿಆರ್ ಎಂಬ ಹಳೆಯ ಪದ್ಧತಿಯ ಡಿಸ್ಕಿನಲ್ಲಿ ನಾಲ್ಕು ಪ್ರಾಥಮಿಕ ಪಾರ್ಟಿಷನ್‌ಗಿಂತ ಹೆಚ್ಚು ಆಗುವುದಿಲ್ಲ. ಸಿಸ್ಟಂ ರಿಸರ್ವ್ಡ್, ಸಿ, ಡಿ ಮತ್ತು ತಯಾರಕರ ರಿಕವರಿ ಸೇರಿದರೆ ಲೆಕ್ಕ ಆಗಲೇ ಮುಗಿದಿರುತ್ತದೆ. ಆಗ ಐದನೆಯದನ್ನು ಮಾಡಹೋದರೆ ವಿಂಡೋಸ್, ಡಿಸ್ಕನ್ನು ‘ಡೈನಾಮಿಕ್’ ಮಾಡಲೇ ಎಂದು ಕೇಳುತ್ತದೆ. ಹೂಂ ಎಂದರೆ ಕೆಟ್ಟಿತು. ಅಂಥ ಡಿಸ್ಕಿನಲ್ಲಿ ಲಿನಕ್ಸ್ ಹಾಕುವುದು ಬಲು ತೊಡಕು. ಬೇಡ ಎಂದು ಹೇಳಿ, ಡಿ ಡ್ರೈವಿನ ಫೈಲುಗಳನ್ನು ಬೇರೆಡೆಗೆ ಸಾಗಿಸಿ, ಆ ಜಾಗವನ್ನೇ ಬಿಟ್ಟುಕೊಡುವುದು ಸರಿಯಾದ ಕ್ರಮ. ವಿಂಡೋಸಿನ ‘ಫಾಸ್ಟ್ ಸ್ಟಾರ್ಟಪ್’ ಕೂಡ ಆಫ್ ಮಾಡಿಡಬೇಕು. ಅದು ಚಾಲೂ ಇದ್ದರೆ ವಿಂಡೋಸ್ ಪೂರ್ತಿ ಮುಚ್ಚದೆ ಅರೆನಿದ್ದೆಗೆ ಹೋಗುತ್ತದೆ. ಆ ಸ್ಥಿತಿಯಲ್ಲಿ ಲಿನಕ್ಸ್ ಅದರ ಡ್ರೈವಿಗೆ ಬರೆದರೆ ಫೈಲು ಕೆಡಬಹುದು.

ಇಲ್ಲೇ ಒಂದು ಮೂಢನಂಬಿಕೆಯನ್ನೂ ಬಿಡಿಸಬೇಕು. ‘ಡಿ ಡ್ರೈವಿನಲ್ಲಿ ಇಟ್ಟಿದ್ದೇನೆ, ಭದ್ರವಾಗಿದೆ’ ಎನ್ನುವವರು ಪ್ರತಿ ಕಚೇರಿಯಲ್ಲೂ ಸಿಗುತ್ತಾರೆ. ಸಿ ಫಾರ್ಮ್ಯಾಟ್ ಹೊಡೆದರೆ ಡಿ ಉಳಿಯುತ್ತದೆ, ಅಷ್ಟು ನಿಜ. ಆದರೆ ಎರಡೂ ಇರುವುದು ಒಂದೇ ತಟ್ಟೆಯ ಮೇಲೆ. ಡಿಸ್ಕ್ ಕೈ ಕೊಟ್ಟರೆ ಸಿ, ಡಿ, ಲಿನಕ್ಸ್ ಮೂರೂ ಒಟ್ಟಿಗೆ ಹೋಗುತ್ತವೆ. ಪಾಲು ಮಾಡಿದ ಮಾತ್ರಕ್ಕೆ ಬ್ಯಾಕಪ್ ಆಗುವುದಿಲ್ಲ. ಅದಕ್ಕೆ ಹೊರಗಿನ ಡಿಸ್ಕೇ ಬೇಕು.

ವಿಂಡೋಸ್ ಅಪ್‌ಡೇಟ್ ಬಂದು ಲಿನಕ್ಸನ್ನು ಕೆಡಿಸುತ್ತದೆ ಎಂಬ ದೂರೂ ಉಂಟು. 2024ರ ಆಗಸ್ಟಿನ ಅಪ್‌ಡೇಟ್ ನಂತರ ಹಲವೆಡೆ ಎರಡು ವ್ಯವಸ್ಥೆಯ ಯಂತ್ರಗಳಲ್ಲಿ ಲಿನಕ್ಸ್ ಏಳದೆ ಹೋದದ್ದು ನಿಜ. ನಾನು ಹೇಳುತ್ತಿರುವ ಏರ್ಪಾಟಿನಲ್ಲಿ ವಿಂಡೋಸ್‌ಗೆ ನೆಟ್ ಇರುವುದಿಲ್ಲವಾದ್ದರಿಂದ ಆ ಕಾಟ ಬಹುಮಟ್ಟಿಗೆ ತಪ್ಪುತ್ತದೆ. ಒಂದರೊಳಗೊಂದು ಓಡಿಸುವ ವರ್ಚುವಲ್ ಮೆಷೀನ್ ಸಾಕಲ್ಲ ಎಂದರೆ, ನಾಲ್ಕು ಜಿಬಿ ರ್‍ಯಾಮಿನ ಯಂತ್ರಕ್ಕೆ ಒಂದು ವ್ಯವಸ್ಥೆ ಹೊರುವುದೇ ಸಾಕುಬೇಕಾಗಿರುತ್ತದೆ.

ಮಾಡುವವರು ಯಾರು? ಬೀದರ್‌ನಲ್ಲಿ ಗುರುನಾನಕ ದೇವ್ ಎಂಜಿನಿಯರಿಂಗ್ ಕಾಲೇಜಿದೆ, ಭಾಲ್ಕಿಯಲ್ಲಿ ಭೀಮಣ್ಣ ಖಂಡ್ರೆ ತಾಂತ್ರಿಕ ಮಹಾವಿದ್ಯಾಲಯವಿದೆ. ಕಂಪ್ಯೂಟರ್ ಓದುವ ಹುಡುಗ ಹುಡುಗಿಯರಿಗೆ ಬೂಟ್ ಲೋಡರ್ ಎಂದರೇನು ಎಂದು ಹಲಗೆಯ ಮೇಲೆ ಬರೆದು ತೋರಿಸುವುದಕ್ಕಿಂತ, ಒಂದು ಶಾಲೆಯ ಲ್ಯಾಬ್ ಒಪ್ಪಿಸಿದರೆ ಚೆನ್ನಾಗಿ ಕಲಿಯುತ್ತಾರೆ. ಒಂದು ಯಂತ್ರವನ್ನು ಸರಿಯಾಗಿ ಸಿದ್ಧಮಾಡಿಕೊಂಡರೆ ಕ್ಲೋನ್‌ಜಿಲ್ಲಾದಂಥ ಉಚಿತ ತಂತ್ರಾಂಶದಿಂದ ಅದರ ಪಡಿಯಚ್ಚನ್ನು ಅದೇ ಮಾದರಿಯ ಉಳಿದವಕ್ಕೆ ಇಳಿಸಬಹುದು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣದಲ್ಲಿ ಶಾಲೆಗೆ ಹೊಸ ಕಂಪ್ಯೂಟರ್ ಕೇಳುವ ಪ್ರಸ್ತಾವದ ಜತೆಗೆ, ಇರುವ ಯಂತ್ರಗಳಲ್ಲಿ ಎಷ್ಟಕ್ಕೆ ಲಿನಕ್ಸ್ ಹಾಕಿ ನೋಡಲಾಯಿತು, ಎಷ್ಟು ಓಡಲಿಲ್ಲ, ಯಾಕೆ ಓಡಲಿಲ್ಲ ಎಂಬ ಒಂದು ಪುಟವನ್ನೂ ಕಡ್ಡಾಯವಾಗಿ ಲಗತ್ತಿಸಲು ಹೇಳಬೇಕು. ಓಡದವು ಗುಜರಿಗೆ ಹೋಗಲಿ. ಓಡುವವುಗಳಿಂದ ಉಳಿದ ಹಣದಲ್ಲಿ ಮೊದಲು ಯುಪಿಎಸ್‌ಗೆ ಬ್ಯಾಟರಿ ಬರಲಿ, ಒಂದು ಹೊರಗಿನ ಡಿಸ್ಕ್ ಬರಲಿ.